ತಂಗಿಯ ಕೇಸ್ ಶೀಟು

ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಪ್ರಥಮ ದರ್ಜೆ ಸಹಾಯಕ. ಮಾಹಿತಿ ಹಕ್ಕಿನಡಿ ಬರುವ ಅರ್ಜಿಗಳಿಗೆ ಉತ್ತರದ ಕರಡು ಬರೆಯುವುದು ಹಲವು ವರ್ಷಗಳಿಂದ ನನ್ನ ಮೇಜಿನ ಕೆಲಸ. ಸಹಿ ಸಾಹೇಬರದು, ಮಾತು ನನ್ನದು. ಕೊಡಬಹುದಾದದ್ದನ್ನು ಕೊಡುತ್ತೇವೆ. ಕೊಡಲಾಗದ್ದಕ್ಕೆ ಹಿಂಬರಹ ಹೋಗುತ್ತದೆ: ‘ತಾವು ಕೋರಿರುವ ಮಾಹಿತಿಯು ಮೂರನೇ ವ್ಯಕ್ತಿಯ ವೈಯಕ್ತಿಕ ಮಾಹಿತಿಯಾಗಿರುವುದರಿಂದ ಒದಗಿಸಲು ಅವಕಾಶವಿರುವುದಿಲ್ಲ.’ ಈ ವಾಕ್ಯವನ್ನು ನೋಡದೆಯೇ ಟೈಪು ಮಾಡಬಲ್ಲೆ.

ಅದನ್ನು ಬರೆಯುವಾಗ ಸಂಕಟವಾಗುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಪಕ್ಕದ ಮನೆಯವನ ಮೇಲಿನ ಹಟಕ್ಕೆ ಅವನ ಜಾತಿ ಪ್ರಮಾಣಪತ್ರವನ್ನೂ ಅವನ ಸೊಸೆಯ ಪಿಂಚಣಿ ಅರ್ಜಿಯನ್ನೂ ಕೇಳುವವರಿದ್ದಾರೆ. ಅಂಥವರಿಗೆ ಬಾಗಿಲು ಮುಚ್ಚಿರುವುದೇ ನ್ಯಾಯ ಎಂದು ಈಗಲೂ ನಂಬುತ್ತೇನೆ. ಆದರೆ ಒಬ್ಬರು ಮನಸ್ಸಿನಿಂದ ಹೋಗಿಲ್ಲ. ಬಸರಾಳು ಕಡೆಯ ವಯಸ್ಸಾದ ರೈತರು. ಅವರ ತಮ್ಮ ನಮ್ಮ ಇಲಾಖೆಯಲ್ಲಿದ್ದು ಸೇವೆಯಲ್ಲಿರುವಾಗಲೇ ತೀರಿಕೊಂಡಿದ್ದರು. ಕೊನೆಯ ವರ್ಷ ಪದೇ ಪದೇ ರಜೆ ಹಾಕುತ್ತಿದ್ದರಂತೆ. ಮನೆಯಲ್ಲಿ ಕಾಯಿಲೆಯ ಸುದ್ದಿಯನ್ನೇ ಎತ್ತಿರಲಿಲ್ಲ. ರಜೆ ಚೀಟಿಯಲ್ಲಿ ಏನೆಂದು ಕಾರಣ ಬರೆದಿದ್ದ ಎಂಬುದಷ್ಟೇ ಅಣ್ಣನಿಗೆ ಬೇಕಿತ್ತು. ಹಿಂಬರಹ ಕೈಗೆ ಸಿಕ್ಕಿದ ವಾರವೇ ಬಸ್ಸು ಹತ್ತಿ ನನ್ನ ಮೇಜಿನವರೆಗೂ ಬಂದರು.

“ಒಂದೇ ಒಟ್ಟೇಲಿ ಉಟ್ಟೋರು ಸ್ವಾಮಿ ನಾವು. ಅವ್ನು ನಂಗೆ ಮೂರ್ನೇ ವ್ಯಕ್ತಿನಾ? ಅಂಗಾರೆ ಎರಡ್ನೇಯೋನು ಯಾರು, ನೀವಾ?”

ಕಚೇರಿಯಲ್ಲಿ ಎಲ್ಲರೂ ನಕ್ಕರು. ನಾನು ನಕ್ಕೆನೋ, ತಲೆ ತಗ್ಗಿಸಿದೆನೋ ನೆನಪಿಲ್ಲ. ಡೈರಿಯಲ್ಲಿ ‘ನಕ್ಕೆವು’ ಎಂದಿದೆ. ಹಾಗಾದರೆ ನಕ್ಕಿರಬೇಕು.

ಡೈರಿ ಬರೆಯುವುದು ಮೈಸೂರಿನಲ್ಲಿ ಎಂ.ಎ. ಓದುವಾಗ ಹತ್ತಿದ ಚಾಳಿ. ಮೊದಲೆಲ್ಲ ಅದನ್ನು ಪೂರಾ ನಂಬುತ್ತಿದ್ದೆ. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಅಂದಂದೇ ಬರೆದ ಪುಟಗಳಲ್ಲಿ ನಾನು ಸಣ್ಣವನಾಗಿ, ಗಲಿಬಿಲಿಯಾಗಿ ಕಾಣುತ್ತೇನೆ. ನಾಲ್ಕು ದಿನ ಬಿಟ್ಟು ಬರೆದ ಪುಟಗಳಲ್ಲಿ ನಾನೇ ಸರಿ ಇರುತ್ತೇನೆ. ತಂಗಿ ಸತ್ತ ದಿನದ ಪುಟ ಖಾಲಿ ಇದೆ. ಐದನೆಯ ದಿನದ ಪುಟದಲ್ಲಿ ಹೀಗಿದೆ: ‘ಆಸ್ಪತ್ರೆಯವರು ಬೆಳಿಗ್ಗೆಯೇ ಮಂಡ್ಯಕ್ಕೆ ಕರೆದುಕೊಂಡು ಹೋಗಿ ಎಂದಿದ್ದರು. ಕೊಪ್ಪದವರು ಬರಲಿ ಎಂದು ಅವ್ವ ಕಾಯಿಸಿದಳು.’

ಈ ಎರಡು ವಾಕ್ಯಗಳನ್ನು ಹಿಡಿದುಕೊಂಡು ನಾನು ಹನ್ನೆರಡು ವರ್ಷ ಕಳೆದೆ.

ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ. ತಂಗಿಯನ್ನು ಮದ್ದೂರು ತಾಲ್ಲೂಕಿನ ಕೊಪ್ಪಕ್ಕೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತಂದಿದ್ದೆವು. ಹೆರಿಗೆ ತವರಿನದಾದರೂ ಹೆರುವವಳು ಗಂಡನ ಮನೆಯವಳು ಎಂಬುದು ನಮ್ಮ ಕಡೆಯ ನಡಾವಳಿ. ಔಷಧಿ, ಆರೈಕೆ ಎಲ್ಲ ನಾವು ನೋಡಿಕೊಳ್ಳಬೇಕು. ಆದರೆ ಹೊಟ್ಟೆ ಕುಯ್ಯಿಸುವುದು, ಬೇರೆ ಊರಿನ ಆಸ್ಪತ್ರೆಗೆ ಸಾಗಿಸುವುದು ಇಂಥದ್ದಕ್ಕೆಲ್ಲ ಅವರ ಕಡೆಯ ಹಿರಿಯರೊಬ್ಬರು ಬಂದು ನಿಂತು ಹೂಂ ಅನ್ನಬೇಕು. ಕೇಳದೆ ಮಾಡಿದರೆ ನಾಳೆ ಮಾತು ಬರುತ್ತದೆ. ಆ ದಿನ ನೋವು ಕಾಣಿಸಿಕೊಂಡಾಗ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆವು. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ, ತಪ್ಪು ಅವರದಲ್ಲ. ರಕ್ತದೊತ್ತಡ ಏರುತ್ತಿತ್ತು. ಕೊಪ್ಪದಿಂದ ತಂಗಿಯ ಅತ್ತೆ ಬಂದ ಮೇಲೆ, ಮಧ್ಯಾಹ್ನ, ಮಂಡ್ಯಕ್ಕೆ ಹೊರಟೆವು. ಅಲ್ಲಿ ಹೆಣ್ಣು ಮಗುವನ್ನು ಉಳಿಸಿಕೊಟ್ಟರು. ಸಂಜೆಯ ಹೊತ್ತಿಗೆ ತಂಗಿ ಇರಲಿಲ್ಲ.

ಅವ್ವ ನನ್ನ ಜೊತೆಗೇ ಇದ್ದಾಳೆ. ಕೇಳಿದವರಿಗೆಲ್ಲ ಅವಳು ಹೇಳುತ್ತಿದ್ದುದು ಬೇರೆ ಕತೆ: “ಆಸ್ಪತ್ರೆಯೋರು ಮುಂಚೆನೇ ಏಳ್ಲಿಲ್ಲ ಕಣವ್ವ. ಏಳಿದ್ರೆ ಕರ್ಕೊಂಡೋಗ್ತಿರ್ಲಿಲ್ವಾ?” ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ತನ್ನ ತಪ್ಪನ್ನು ಮುಚ್ಚಿಕೊಳ್ಳುತ್ತಿದ್ದಾಳೆ, ಪಾಪ, ಎಂದು ಸುಮ್ಮನಿರುತ್ತಿದ್ದೆ. ಸುಮ್ಮನಿದ್ದದ್ದನ್ನು ದೊಡ್ಡತನ ಎಂದೂ ಭಾವಿಸಿದ್ದೆ.

ಹೋದ ವರ್ಷ ಪಕ್ಕದ ಮನೆಯ ಬಸುರಿ ಹುಡುಗಿಯ ತಾಯಿಯೊಡನೆ ಅವ್ವ ಇದೇ ಮಾತು ಆಡುತ್ತಿದ್ದಳು. ನನಗೆ ಯಾಕೋ ತಡೆಯಲಾಗಲಿಲ್ಲ.

“ಹೇಳಿದ್ರು ಅವ್ವ. ಬೆಳಿಗ್ಗೆನೇ ಹೇಳಿದ್ರು. ನೀನೇ ಕಾಯೋಣ ಅಂದಿದ್ದು” ಎಂದುಬಿಟ್ಟೆ.

ಆ ಹೆಂಗಸು ಮೆಲ್ಲಗೆ ಎದ್ದು ಹೋದಳು. ಅವ್ವ ನನ್ನ ಮುಖವನ್ನೇ ನೋಡಿದಳು. ಸಿಟ್ಟು ಮಾಡುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

“ಊಂ. ನಾನೇ ಅಂದಿದ್ದೇನೋ” ಎಂದಳು. “ಇರ್ಬೋದು ಬುಡು.”

ಹನ್ನೆರಡು ವರ್ಷ ಹೇಳಿಕೊಂಡು ಬಂದ ಕತೆಯನ್ನು ಒಂದೇ ಮಾತಿಗೆ ಹಾಗೆ ಬಿಟ್ಟುಕೊಟ್ಟಳಲ್ಲ, ಅದು ನನ್ನನ್ನು ಕಾಡತೊಡಗಿತು. ತಪ್ಪು ಮಾಡಿದವರು ಅಷ್ಟು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ. ನಮ್ಮ ಕಚೇರಿಯಲ್ಲಿ ಎಷ್ಟೋ ವಿಚಾರಣೆ ನೋಡಿದ್ದೇನೆ. ಬೆಳಿಗ್ಗೆ ಆಸ್ಪತ್ರೆಯವರು ನಮಗೆ ಹೇಳಿದ್ದರೇ? ಹೇಳಿದ್ದರೆ, ಬೇಡ, ಕಾಯುತ್ತೇವೆ ಎಂದವರು ಯಾರು? ಇದಕ್ಕೆ ಉತ್ತರ ಇರುವ ಜಾಗ ಒಂದೇ: ಮೊದಲು ಸೇರಿಸಿದ್ದ ಆಸ್ಪತ್ರೆಯ ಕೇಸ್ ಶೀಟು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಿದೆ. ಅರ್ಜಿದಾರನ ಜಾಗದಲ್ಲಿ ನನ್ನ ಹೆಸರು ಬರೆದದ್ದು ಅದೇ ಮೊದಲು.

ಅವ್ವನಿಗೆ ತಿಳಿದಾಗ ಬೇಡವೆಂದಳು. “ಸತ್ತೋಳ ಕಾಗ್ದ ತಂದು ಏನ್ಲಾ ಮಾಡೀಯೆ? ಬುಡು ಅತ್ಲಾಗೆ.” ದಿನ ಬಿಟ್ಟು ದಿನ ಕೇಳುತ್ತಿದ್ದಳು: “ಬಂತಾ? ಬಂದಿಲ್ವಾ? ಬರ್ದಿದ್ರೆ ಒಳ್ಳೇದು.” ಅವಳಿಗೆ ಭಯವಾಗಿದೆ ಎಂಬುದು ಸ್ಪಷ್ಟವಾಗಿತ್ತು. ಯಾವುದರ ಭಯ ಎಂಬುದನ್ನು ನಾನು ತಪ್ಪಾಗಿ ಓದಿಕೊಂಡೆ.

ಇಪ್ಪತ್ತೆಂಟನೆಯ ದಿನ ಹಿಂಬರಹ ಬಂತು. ‘ತಾವು ಕೋರಿರುವ ಮಾಹಿತಿಯು ಮೂರನೇ ವ್ಯಕ್ತಿಯ...’ ಮುಂದೆ ಓದುವುದು ಬೇಕಿರಲಿಲ್ಲ. ಅದು ನಾನು ಬರೆದ ವಾಕ್ಯ. ಕೆಲವು ವರ್ಷಗಳ ಹಿಂದೆ ಮಂಡ್ಯದಲ್ಲಿ ಒಂದು ತರಬೇತಿ ನಡೆದಿತ್ತು. ಎಲ್ಲ ಇಲಾಖೆಗಳ ವಿಷಯ ನಿರ್ವಾಹಕರೂ ಸೇರಿದ್ದರು. ಉಪಯೋಗವಾಗಲಿ ಎಂದು ನನ್ನ ಕರಡನ್ನು ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಹೆಬ್ಬೆರಳುಗಳ ಸುರಿಮಳೆಯೇ ಬಂದಿತ್ತು. ಇಂಥ ಮಾಹಿತಿ ನಿರಾಕರಿಸಲು ಬಳಸುವ ಕಾಯ್ದೆಯ ಕಲಮನ್ನು ಈಚೆಗೆ ತಿದ್ದಿ ಗಿಡ್ಡ ಮಾಡಿದ್ದಾರೆ. ‘ವೈಯಕ್ತಿಕ’ ಎಂಬ ಒಂದು ಪದವೇ ಈಗ ಸಾಕಾಗುತ್ತದೆ. ನನ್ನ ವಾಕ್ಯ ಇನ್ನೂ ಗಟ್ಟಿಯಾಗಿತ್ತು.

ಮೇಲ್ಮನವಿ ಹಾಕಿದೆ. ಮೇಲ್ಮನವಿ ಅಧಿಕಾರಿ ಒಳ್ಳೆಯವರು, ಕೂರಿಸಿ ಮಾತಾಡಿಸಿದರು. ಅಣ್ಣ ಎಂಬ ಮಾತ್ರಕ್ಕೆ ಕೊಡಲು ಬರುವುದಿಲ್ಲ; ಮೃತಳ ಗಂಡ ಇದ್ದಾರೆ, ಮಗಳಿದ್ದಾಳೆ; ಗಂಡನ ಒಪ್ಪಿಗೆ ಪತ್ರ ತಂದರೆ ಕಡತ ತೋರಿಸಲು ಹೇಳುತ್ತೇನೆ ಎಂದರು. ಅವರ ಜಾಗದಲ್ಲಿ ಕುಳಿತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಒಂದು ಭಾನುವಾರ ಬೈಕಿನಲ್ಲಿ ಕೊಪ್ಪಕ್ಕೆ ಹೋದೆ. ತಂಗಿಯ ಗಂಡ ಎರಡು ವರ್ಷದ ಮೇಲೆ ಮತ್ತೆ ಮದುವೆಯಾಗಿದ್ದ. ಆಗಬೇಡ ಎಂದು ನಾವು ಯಾರೂ ಅಂದಿರಲಿಲ್ಲ. ಡೇರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದ. ಜಗಲಿಯಲ್ಲಿ ತಂಗಿಯ ಮಗಳು ಅಜ್ಜಿಯ ಕೈಲಿ ತಲೆ ಬಾಚಿಸಿಕೊಳ್ಳುತ್ತಿದ್ದಳು. ಅಜ್ಜಿ ಎಂದರೆ ತಂಗಿಯ ಅತ್ತೆ, ಅವತ್ತು ನಾವು ಕಾದಿದ್ದವರು. ಹುಡುಗಿ “ಮಾವ ಬಂದ್ರು” ಎಂದು ಕೂಗಿದಳು. ತಲೆ ಅಲ್ಲಾಡಿಸಿದ್ದಕ್ಕೆ ಅಜ್ಜಿ ಬೆನ್ನಿಗೊಂದು ಗುದ್ದಿದರು.

“ಏನ್ ಭಾವ, ದಾರಿ ತಪ್ಪಿ ಬಂದ್ಯಾ? ಒಬ್ಬಿಟ್ಟಿಗೂ ಬರ್ದೋನು” ಎಂದ ತಂಗಿಯ ಗಂಡ.

ಕಾಗದದ ವಿಷಯ ಎತ್ತಿದೊಡನೆ ಅವನು ನನ್ನನ್ನು ಕಬ್ಬಿನ ಗದ್ದೆಯ ಕಡೆಗೆ ಕರೆದುಕೊಂಡು ಹೋದ.

“ಯಾತಕ್ಕೆ ಈಗ? ಕೇಸು ಗೀಸು ಆಕ್ತೀಯಾ?”

“ಇಲ್ಲಪ್ಪ. ನೋಡ್ಬೇಕು, ಅಷ್ಟೇ.”

“ನೋಡಿ?”

ಅವನು ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತ.

“ಅವ್ರಮ್ಮ ಬಿಪಿ ಜಾಸ್ತಿಯಾಗಿ ಓದ್ರು ಅಂತ ಮಗೀಗೆ ಗೊತ್ತು ಭಾವ. ಅಷ್ಟೇ ಗೊತ್ತಿರೋದು. ಯಾರು ಯಾರ್ಗೋಸ್ಕರ ಕಾದ್ರು ಅನ್ನೋದೆಲ್ಲ ಗೊತ್ತಿಲ್ಲ. ನಮ್ಮವ್ವ ಬರ್ಲಿ ಅಂತ ಕಾದ್ರು ಅಂತ ನಾಳೆ ಯಾರಾರ ಅವ್ಳ ಕಿವಿಗೆ ಆಕುದ್ರೆ? ಈಗ ನೋಡ್ದಲ್ಲ, ಅಂಗೆ ಅಜ್ಜಿ ಮುಂದೆ ತಲೆ ಕೊಟ್ಟು ಕೂತ್ಕತಾಳಾ ಅವ್ಳು?”

ಮೂರನೇ ವ್ಯಕ್ತಿ ಎಂದು ಅಷ್ಟು ವರ್ಷ ಟೈಪು ಮಾಡಿದವನಿಗೆ ಆ ಪದದ ಅರ್ಥವನ್ನು ಯಾರಾದರೂ ತಿಳಿಸಿ ಹೇಳಿದ್ದರೆ ಅದು ಅವನೇ, ಆ ಬದುವಿನ ಮೇಲೆ. ಮಗುವಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುತ್ತೇನೆ ಎಂದೆ. ಅವನು ನನ್ನ ಪೆನ್ನನ್ನೇ ಇಸಿದುಕೊಂಡು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದ. ಸಹಿ ಹಾಕಿದ ಮೇಲೆ, “ಸಿಕ್ಕುದ್ರೆ ನಂಗೇನೂ ಏಳ್ಬ್ಯಾಡ” ಎಂದ. ತಿಂಡಿ ತಿಂದು ಹೋಗು ಎಂದು ಬಲವಂತ ಮಾಡಿದ. ಆ ಮನೆಯಲ್ಲಿ ತಿಂಡಿ ತಿಂದೆನೋ ಇಲ್ಲವೋ, ಬರೆದಿಟ್ಟಿಲ್ಲ.

ಆಸ್ಪತ್ರೆಯ ಕಚೇರಿಯಲ್ಲಿ ಕಡತ ತೋರಿಸಿದ ವಿಷಯ ನಿರ್ವಾಹಕಿ ನನಗೆ ತರಬೇತಿಯಿಂದ ಪರಿಚಯ.

“ಬೇಜಾರು ಮಾಡ್ಕೋಬೇಡಿ ಸಾರ್. ನಿಮ್ಮ ಡ್ರಾಫ್ಟಿನಿಂದಲೇ ನಿಮಗೆ ಹೊಡೆದ ಹಾಗಾಯ್ತು” ಎಂದರು.

“ಡ್ರಾಫ್ಟು ಚೆನ್ನಾಗಿದೆ ಅಂತ ಆಯ್ತಲ್ಲ” ಎಂದೆ.

ಕಡತ ನೋಡುವವರ ಪಕ್ಕದಲ್ಲಿ ಸಿಬ್ಬಂದಿಯೊಬ್ಬರು ಇರಬೇಕು. ಆಕೆಯೇ ಕುರ್ಚಿ ಎಳೆದುಕೊಂಡು ಕೂತರು. ನೂಲು ಬಿಚ್ಚಿದ ಕಟ್ಟಿನಿಂದ ನಾಲ್ಕು ಹಾಳೆ ಹೊರಗೆ ಬಂದವು. ಮೊದಲಲ್ಲಿ ತಂಗಿಯ ಹೆಸರು, ವಯಸ್ಸು, ಗಂಡನ ಹೆಸರು. ಆಮೇಲೆ ಗಂಟೆಗಂಟೆಯ ಟಿಪ್ಪಣಿ, ಅವಸರದ ಇಂಗ್ಲಿಷಿನಲ್ಲಿ, ನೀಲಿ ಶಾಯಿ. ಹತ್ತು ನಲವತ್ತರ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: ‘ಮಂಡ್ಯಕ್ಕೆ ಕಳುಹಿಸಲು ಸಲಹೆ ನೀಡಲಾಗಿದೆ. ರೋಗಿಯ ತಾಯಿಗೂ ಅಣ್ಣನಿಗೂ ಅಪಾಯ ತಿಳಿಸಲಾಗಿದೆ. ತಾಯಿಗೆ ಒಪ್ಪಿಗೆ ಇದೆ. ಗಂಡನ ಮನೆಯವರು ಬರುವವರೆಗೂ ಕಾಯುವುದಾಗಿ ಅಣ್ಣ ಹೇಳುತ್ತಾರೆ.’

ಕೆಳಗೆ ಕನ್ನಡದಲ್ಲಿ ಒಂದು ಸಹಿ. ನನ್ನದು.

ಇನ್ನೊಮ್ಮೆ ಓದಿದೆ. ತಾಯಿಗೆ ಒಪ್ಪಿಗೆ ಇದೆ. ನಾನು ಸಹಿ ಹಾಕಿದ್ದು ನನಗೆ ಸ್ವಲ್ಪವೂ ನೆನಪಿರಲಿಲ್ಲ, ಈಗಲೂ ಇಲ್ಲ. ಯಾವ ಮೇಜು, ಯಾರ ಪೆನ್ನು, ನಿಂತಿದ್ದೆನೋ ಕೂತಿದ್ದೆನೋ, ಯಾವುದೂ ಇಲ್ಲ. ಅಷ್ಟು ದೊಡ್ಡ ಮಾತು ಆಡಿದವನ ಒಳಗೆ ಅದರ ಗುರುತೇ ಇಲ್ಲದ ಹಾಗೆ ಹೇಗೆ ಅಳಿಸಿಹೋಗುತ್ತದೆ? ಬರೆದವರೇ ತಾಯಿ, ಅಣ್ಣ ಎಂಬುದನ್ನು ಅದಲುಬದಲು ಮಾಡಿರಬಹುದಲ್ಲ ಎಂಬ ಆಸೆ ಹುಟ್ಟಿತು. ಟಿಪ್ಪಣಿಯ ಕೊನೆಯಲ್ಲಿ ನರ್ಸಿನ ಹೆಸರಿತ್ತು. ಅದರ ಮೇಲೆ ವಿಷಯ ನಿರ್ವಾಹಕಿ ಒಂದು ಚೀಟಿ ಇಟ್ಟು ಬೆರಳು ಒತ್ತಿಕೊಂಡಿದ್ದರು.

“ಇದನ್ನು ಬರೆದವರು ಯಾರು ಮೇಡಂ? ಅವರನ್ನು ಒಂದು ಮಾತು ಕೇಳಬೇಕಿತ್ತು.”

“ಸಿಬ್ಬಂದಿ ಹೆಸರು ತೋರಿಸೋ ಹಾಗಿಲ್ಲ ಸಾರ್. ನಿಮಗೇ ಗೊತ್ತಲ್ಲ.”

ಗೊತ್ತಿತ್ತು. ನಾನಾಗಿದ್ದರೂ ಚೀಟಿ ಇಡುತ್ತಿದ್ದೆ. ದುಃಖದಲ್ಲಿರುವ ಒಬ್ಬ ಮನುಷ್ಯ ಹನ್ನೆರಡು ವರ್ಷದ ಮೇಲೆ ಬಂದು ಬಾಗಿಲು ತಟ್ಟಿದರೆ ಆ ನರ್ಸು ಏನು ಮಾಡಬೇಕು? ಹೆಸರು ಮುಚ್ಚಿದ ಜೆರಾಕ್ಸ್ ಪ್ರತಿ ಪಡೆದು ಹೊರಗೆ ಬಂದೆ.

ಊರಿಗೆ ಬಂದವನು ಹಳೆಯ ಡೈರಿ ತೆಗೆದೆ. ಸತ್ತ ದಿನದ ಆಚೀಚೆ ಎಷ್ಟೋ ಸಲ ಓದಿದ್ದೆ; ಅದಕ್ಕೆ ಮೂರು ತಿಂಗಳ ಹಿಂದಿನ ಪುಟಗಳನ್ನು ನೋಡಿರಲಿಲ್ಲ. ತಂಗಿಗೆ ಕಾಲು ಊದಿಕೊಂಡಿತ್ತು ಎಂದು ಅವ್ವ ಅವಳನ್ನು ಮಂಡ್ಯಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದಿದ್ದಳು. ತಮ್ಮನ್ನು ಒಂದು ಮಾತು ಕೇಳಲಿಲ್ಲ ಎಂದು ಕೊಪ್ಪದವರು ಮುನಿಸಿಕೊಂಡು, ಸೀಮಂತದಲ್ಲಿ ಊಟಕ್ಕೆ ಕೂರದೆ ಹೊರಟಿದ್ದರು. ಅಪ್ಪ ತೀರಿಕೊಂಡು ವರ್ಷವಾಗಿತ್ತು; ಹೊರಟವರನ್ನು ಕೈಮುಗಿದು ಕೂರಿಸಿದ್ದು ನಾನು. ಆ ದಿನವೇ ಬರೆದ ಪುಟದಲ್ಲಿ ಇದೆ: ‘ಇನ್ನು ಮೇಲೆ ಅವರನ್ನು ಕೇಳದೆ ಏನೂ ಮಾಡಕೂಡದೆಂದು ಅವ್ವನಿಗೆ ಗಟ್ಟಿಯಾಗಿ ಹೇಳಿದೆ.’

ಓದಿಕೊಂಡವನು ನಾನು, ಹಳೆಯ ಕಟ್ಟಳೆಗಳಿಗೆ ಅಂಜುವವಳು ಅವ್ವ: ಮನೆಯಲ್ಲಿ ನಾವಿಬ್ಬರೂ ಇಂಥವರು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಕಾಯೋಣ ಎಂಬ ಮಾತಿಗೆ ಒಂದು ಬಾಯಿ ಬೇಕಾದಾಗ ಅವಳ ಬಾಯಿಯನ್ನು ಕೊಟ್ಟುಕೊಂಡಿರಬೇಕು. ಹೀಗೆ ವಿವರಿಸಿಕೊಳ್ಳುವುದೂ ಸಲೀಸಾಯಿತೇನೋ. ಇದಕ್ಕಿಂತ ಹೆಚ್ಚಿಗೆ ನನಗೆ ತಿಳಿಯುತ್ತಿಲ್ಲ.

ಮಾರನೆಯ ದಿನ ರಜೆ ಹಾಕಿದೆ. ಹತ್ತು ಗಂಟೆಯ ಬಿಸಿಲಿನಲ್ಲಿ ಅವ್ವ ಅಂಗಳದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಜೆರಾಕ್ಸ್ ಹಿಡಿದುಕೊಂಡು ಎದುರಿಗೆ ಕೂತೆ. ಅವಳಿಗೆ ಓದಲು ಬರುವುದಿಲ್ಲ. ಆದರೂ ನನ್ನ ಸಹಿಯನ್ನು ಗುರುತು ಹಿಡಿದಳು. ಸೊಪ್ಪಿನ ಕಂತೆ ಕೆಳಗಿಟ್ಟಳು.

“ಸಿಕ್ತಾ?”

“ಸಿಕ್ತು. ಅವ್ವ, ನೀನು ಕಳ್ಸೋಣ ಅಂದಿದ್ದೆ ಅಂತ ಬರೆದಿದೆ. ನಾನು ಬೇಡ ಅಂದಿದ್ದು.”

“ಯಾರು ಬರ್ದೋರು?”

“ಅವತ್ತಿನ ನರ್ಸು.”

“ಅವ್ಳಿಗೇನ್ ಗೊತ್ತು? ಆ ವಾರ್ಡ್‌ನಲ್ಲಿ ಎಷ್ಟ್ ಜನ ಅವ್ವದೀರು ಕೂತಿದ್ದೋ. ಇನ್ಯಾವ್ಳೋ ಅಂದಿದ್ದ ನಾನಂದೆ ಅಂತ ಬರ್ಕಂಡವ್ಳೆ.”

“ಸಹಿ ನಂದು ಅವ್ವ.”

“ಇನ್ಯಾರ್ ಆಕ್ಬೇಕಿತ್ತು, ನಾನಾ? ನಂಗೆ ಬತ್ತದಾ? ಓದಿರೋನು ನೀನು, ಆಕು ಅಂತ ನಾನೇ ಅಂದೆ. ಕಾಯಮ ಅಂತಲೂ ನಾನೇ ಅಂದೆ. ನೀನೇ ಓದ ವರ್ಸ ಅಂದ್ಯಲ್ಲ, ನಿಂಗೆ ನೆಪ್ಪಿತ್ತು. ಈಗ ಬ್ಯಾಡ್ವಾ?”

ತನ್ನ ಮೇಲಿನ ಆರೋಪವನ್ನು ತೆಗೆದುಹಾಕುವ ಒಂದೇ ದಾಖಲೆಯನ್ನು ಅವಳು ಹಾಗೆ ತಳ್ಳಿಹಾಕುತ್ತಿದ್ದಳು. ನಾನು ಅತ್ತೆ. ಅವಳು ಅಳಲಿಲ್ಲ. ನಾನು ಸುಮ್ಮನಾಗುವವರೆಗೂ ಬಿಡಿಸಿಟ್ಟ ಸೊಪ್ಪನ್ನೇ ಮತ್ತೆ ಬಿಡಿಸುತ್ತಿದ್ದಳು. ಆಮೇಲೆ ಕಾಗದದ ಕಡೆ ಕೈ ತೋರಿಸಿದಳು.

“ಅದ್ರೊಳ್ಗೆ ನಿನ್ ತಂಗಿ ಏನಾರ ಅಂದ್ಲು ಅಂತ ಬರ್ದವ್ರಾ?”

ಹತ್ತು ನಲವತ್ತರಿಂದ ಆಚೆಗೆ ನಾನು ಸರಿಯಾಗಿ ಓದಿರಲೇ ಇಲ್ಲ. ಈಗ ಸಾಲು ಸಾಲಾಗಿ ನೋಡಿದೆ. ರಕ್ತದೊತ್ತಡ, ಇಂಜೆಕ್ಷನ್, ಮಗುವಿನ ಎದೆಬಡಿತ. ಅವಳ ಮಾತು ಎಂದು ಇದ್ದದ್ದು ಒಂದೇ.

“ಹನ್ನೆರಡೂ ಕಾಲಿಗೆ ನೀರು ಕೇಳಿದ್ಲು ಅಂತಿದೆ.”

“ಊಂ, ಕೇಳಿದ್ಲು. ಕೊಟ್ರು ಅಂತ ಅದ್ಯಾ?”

“ಅದು ಬರೆದಿಲ್ಲ.”

“ಕುಯ್ಬೇಕಾಗ್ಬೋದು, ಕೊಡ್ಬ್ಯಾಡಿ ಅಂದಿದ್ರು. ಕದ್ದು ಸೆರಗಿನ ತುದಿ ನೆನೆಸ್ಕಬಂದು ತುಟಿಗೆ ಒತ್ತಿದೆ. ಚೀಪುದ್ಲು ಮಗ, ಎಳೇ ಕೂಸಿನಂಗೆ. ಆ ನರ್ಸಮ್ಮ ನೋಡಿನೂ ನೋಡ್ದಂಗೆ ಓದ್ಲು. ಅದ್ಕೇ ಬರ್ದಿಲ್ಲ ಅನ್ಸುತ್ತೆ.”

ಇದನ್ನು ಅವಳು ಯಾವತ್ತೂ ಹೇಳಿರಲಿಲ್ಲ.

“ನಾನು ಎಲ್ಲಿದ್ದೆ ಅವ್ವ, ಆಗ?” ಎಂದು ಕೇಳಿದೆ.

ಅವ್ವ ಮೊರ ಎತ್ತಿಕೊಂಡು ಎದ್ದಳು.

“ನೀನು ಆಚೆ ಗೇಟ್ ತಾವು ನಿಂತಿದ್ದೆ. ಮನೆ ಬುಟ್ಟು ಒಂಟ್ರಾ, ಒಂಟ್ರಾ ಅಂತ ಕೊಪ್ಪಕ್ಕೆ ಫೋನ್ ಮಾಡ್ತಾ ಇದ್ದೆ.”